ಪೆಡಲ್ ಸ್ಟೀಲ್ ಗಿಟಾರಿನ ಕಾಲು ಉದ್ದ ಮಾಡ್ಸಿದ ಮ್ಯಾಲ ಸ್ವರ ಮುಟ್ಟವಲ್ದು, ಪೆಡಲ್ ಅಳ್ಳಾಡ್ತದ: ದೋಷ ಎಲ್ಲಿ ಹುಡುಕಬೇಕು

ನನ್ನ ಹತ್ರ ಇರೋದು ಸಿಂಗಲ್ ನೆಕ್ಕಿನ ಹಳೆ ಗಿಟಾರ್, 10 ತಂತಿ, ಇ9 ಟ್ಯೂನಿಂಗ್, 3 ಪೆಡಲ್ (ಎ, ಬಿ, ಸಿ), ಮೊಣಕಾಲಿಂದ ಒತ್ತೋ 4 ನೀ ಲಿವರ್. ನಮ್ಮ ಸೋದರಮಾವನ ಮಗ ಅಮೇರಿಕಾದಿಂದ ಹೊಳ್ಳಿ ಬರೋವಾಗ ತಂದು ಕೊಟ್ಟಾನ. ನಾ 6 ಅಡಿ 1 ಇಂಚು ಎತ್ತರ ಅದೀನಿ, ಅದರ ಮುಂದ ಕುಂತ್ರ ತೊಡಿ ಸೀದಾ ಲಿವರಿಗೆ ಬಡೀತಿತ್ತು, ಎಡಗಾಲು ಪೆಡಲ್ ಮ್ಯಾಲ ಇಡಬೇಕಂದ್ರ ಮೊಣಕಾಲು ಹೊರಗ ತಿರುಗಿಸಿ ಇಡಬೇಕಾಗ್ತಿತ್ತು, ಅರ್ಧ ತಾಸಿನಾಗ ಸೊಂಟ ಹಿಡ್ಕೋತಿತ್ತು. ಅದಕ್ಕ ಕಾಲು 2 ಇಂಚು ಉದ್ದ ಮಾಡ್ಸಿದೆ. ಮಾಡ್ಸಿದ ಮ್ಯಾಲ ಮೂರು ತೊಂದ್ರಿ ಒಮ್ಮೆಲೇ ಶುರುವಾದ್ವು: ಎ ಪೆಡಲ್ ತುಳಿದ್ರ ಸ್ವರ ಪೂರಾ ಏರವಲ್ದು, ಬಿಟ್ರ ಪೂರಾ ಇಳೀವಲ್ದು, ಮತ್ತ ಪ್ರತಿ ಸಲ ತುಳಿದಾಗ ಬ್ಯಾರೆ ಬ್ಯಾರೆ ಕಡಿ ನಿಲ್ಲಾಕತ್ತಿತ್ತು. ಈ ಮೂರಕ್ಕೂ ಕಾರಣ ಬ್ಯಾರೆ ಬ್ಯಾರೆ ಇದ್ವು, ಮೂರೂ ಕಾಲಿನ ಕಡಿಂದೇ ಬಂದಿದ್ವು. ಅದನ್ನ ಹ್ಯಾಂಗ ಹಿಡಿದೆ ಅಂತ ಪೂರಾ ಬರೀತೀನಿ, ಯಾಕಂದ್ರ ನಮ್ಮ ಕಡಿ ಈ ವಾದ್ಯ ಬಿಚ್ಚಿ ನೋಡಿದವರು ಸಿಗೋದು ಭಾಳ ಕಷ್ಟ ಅದ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಹವಾಯನ್ ಗಿಟಾರಿನ ವಂಶದ್ದೇ, ತಂತಿ ಮ್ಯಾಲ ಉಕ್ಕಿನ ಗುಂಡು ಸರಳು ಜಾರಿಸಿ ನುಡಿಸೋದು. ನಮ್ಮಲ್ಲಿ ಬ್ರಿಜ್ ಭೂಷಣ್ ಕಾಬ್ರಾ ಅವರು ಹಿಂದೂಸ್ತಾನಿಗೆ ತಂದದ್ದು ಇದೇ ಸ್ಲೈಡ್ ಪದ್ಧತಿ. ಪೆಡಲ್ ಸ್ಟೀಲಿನಾಗ ಹೆಚ್ಚಿಗಿ ಏನದ ಅಂದ್ರ, ಸ್ವರ ನುಡೀತಿರೋವಾಗಲೇ ಕಾಲಿಂದ ತುಳಿದು ಬೇಕಾದ ತಂತಿ ಅಷ್ಟನ್ನೇ ಏರಿಸಬಹುದು, ಉಳಿದ ತಂತಿ ಹಂಗೇ ಇರ್ತಾವ. ಇ ಅನ್ನ ಸಾ ಅಂತ ಹಿಡ್ಕೊಂಡ್ರ ಎ ಪೆಡಲ್ 5 ಮತ್ತ 10ನೇ ತಂತಿನ ಪ ದಿಂದ ಧ ಕ್ಕ ಒಯ್ತದ, ಬಿ ಪೆಡಲ್ 3 ಮತ್ತ 6ನೇ ತಂತಿನ ಗ ದಿಂದ ಮ ಕ್ಕ ಒಯ್ತದ, ಸಿ ಪೆಡಲ್ 4ನೇ ತಂತಿನ ಸಾ ದಿಂದ ರೇ ಕ್ಕ ಮತ್ತ 5ನೇದನ್ನ ಪ ದಿಂದ ಧ ಕ್ಕ. ಒಂದು ಸ್ವರದಿಂದ ಇನ್ನೊಂದಕ್ಕ ಜಾರೋ ಮೀಂಡ್ ಪಾದದಾಗ ಇಟ್ಟಂಗ. ಹಿಂದೂಸ್ತಾನಿ ಕೇಳಿ ಬೆಳೆದ ಕಿವಿಗೆ ಧ ಜರಾ ಕಮ್ಮಿ ಬಿದ್ರೂ ತಡೆಯಂಗಿಲ್ಲ, ಮೈಯೆಲ್ಲಾ ಮುಳ್ಳು ಏಳ್ತದ.

ಕಾಲಿಂದ ತಂತಿ ತನಕ ಜೋಡಣಿ ಹಿಂಗದ. ಮುಂದಿನ ಎರಡು ಕಾಲಿನ ನಡುವ, ಕೆಳಗ, ಪೆಡಲ್ ಬಾರ್ ಇರ್ತದ, ಅದರ ಮ್ಯಾಲ ಪೆಡಲ್. ಪ್ರತಿ ಪೆಡಲಿಂದ ಒಂದು ಪೆಡಲ್ ರಾಡ್ ಸೀದಾ ಮ್ಯಾಲ ಹೋಗಿ ಬಾಡಿ ತಳದಾಗ ಇರೋ ಕ್ರ್ಯಾಂಕಿಗೆ ಸಿಗ್ತದ. ಕ್ರ್ಯಾಂಕ್ ಕ್ರಾಸ್ ಶಾಫ್ಟ್ ತಿರುಗಿಸ್ತದ, ಶಾಫ್ಟ್ ಪುಲ್ ರಾಡ್ ಎಳೀತದ, ಪುಲ್ ರಾಡ್ ಬಲಗಡಿ ಇರೋ ಚೇಂಜರ್ ಅನ್ನೋ ಭಾಗದ ಬೆರಳು ಎಳೆದು ತಂತಿ ಬಿಗಿ ಮಾಡ್ತದ. ಪುಲ್ ರಾಡಿನ ತುದಿಗೆ ನೈಲಾನ್ ನಟ್ಟು ಇರ್ತಾವ, ಪೆಡಲ್ ಪೂರಾ ತುಳಿದಾಗ ಸ್ವರ ಎಲ್ಲಿ ನಿಲ್ಲಬೇಕು ಅನ್ನೋದು ಅಲ್ಲಿ ಟ್ಯೂನ್ ಮಾಡೋದು. ಪೂರಾ ತುಳಿಯೋದು ಅಂದ್ರ ಸ್ಟಾಪ್ ಸ್ಕ್ರೂಗೆ ಬಡಿಯೋ ತನಕ. ನನ್ನ ಗಿಟಾರಿನಾಗ ಸ್ಟಾಪ್ ಬಾಡಿ ಕೆಳಗ ಕ್ರ್ಯಾಂಕ್ ಹತ್ರ ಅದ, ಕೆಲವೊಂದರಾಗ ಪೆಡಲ್ ಹತ್ರಾನೇ ಇರ್ತದ. ನಿಮ್ಮದ್ರಾಗ ಎಲ್ಲದ ಅಂತ ಮೊದಲ ಬಗ್ಗಿ ನೋಡ್ಕೊಳ್ರಿ, ಮುಂದಿನ ಎಲ್ಲಾ ಪರೀಕ್ಷಾ ಅದರ ಮ್ಯಾಲೇ ನಿಂತದ.

ನಾ ಮಾಡಿದ ತಪ್ಪು ಏನಂದ್ರ ಸ್ವರ ಮುಟ್ಟವಲ್ದು ಅಂದ ಕೂಡ್ಲೇ ನೈಲಾನ್ ನಟ್ಟಿಗೆ ಕೈ ಹಾಕಿದೆ. ಎರಡು ದಿನ ಅದನ್ನೇ ತಿರುವಿದೆ. ಧ ಸರಿ ಮಾಡಿದ್ರ ಬಿಟ್ಟಾಗ ಪ ಚಡೀತಿತ್ತು, ಪ ಇಳಿಸಿದ್ರ ಧ ಹೋಗ್ತಿತ್ತು. ಕಡೀಗೆ ನಮ್ಮ ಓಣ್ಯಾಗ ನಾಟಕ ಕಂಪನಿಗಳಿಗೆ ಕಾಲು ಹಾರ್ಮೋನಿಯಂ ರಿಪೇರಿ ಮಾಡ್ತಿದ್ದ ಕಾಕಾ ಒಬ್ರು ಅದಾರ, ಅವರನ್ನ ಕರ್ಕೊಂಡು ಬಂದೆ. ಅವರು ಪೆಡಲ್ ಸ್ಟೀಲ್ ಕಣ್ಣಿಂದ ನೋಡಿದ್ದೇ ಅವತ್ತು. ನೆಲದ ಮ್ಯಾಲ ಕುಂತು ಐದು ನಿಮಿಷ ಸುಮ್ನ ಪೆಡಲ್ ಕೈಲಿಂದ ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡಿದ್ರು, ಆಮ್ಯಾಲ ಕೇಳಿದ್ರು:

"ತಮ್ಮಾ, ಕಾಲು ಮಾಡ್ಸೋದಕ್ಕಿಂತ ಮೊದಲ ಈ ಮ್ಯಾಲಿನ ನಟ್ಟು ಸರಿ ಇದ್ವಲ್ಲ?"

"ಹೌದ್ರಿ ಕಾಕಾ, ಎಲ್ಲಾ ಸರಿ ಇತ್ರಿ."

"ಮತ್ಯಾಕ ಅದಕ್ಕ ಕೈ ಹಚ್ಚಿದಿ? ನೀ ಬದಲು ಮಾಡಿದ್ದು ಕೆಳಗ. ಈ ಸರಳು ಬಿಚ್ಚು, ಮ್ಯಾಲಿಂದು ಬ್ಯಾರೆ ನೋಡೋಣು, ಕೆಳಗಿಂದು ಬ್ಯಾರೆ ನೋಡೋಣು. ಪೇಟಿಯೊಳಗೂ ಗಾಳಿ ಕಮ್ಮಿ ಬಂತಂದ್ರ ನಾವು ಮೊದಲ ಪೆಡಲಿನ ಪಟ್ಟಿ ಬಿಚ್ಚಿ ಕೈಲಿಂದ ತಿದಿ ಎತ್ತಿ ನೋಡ್ತೀವಿ, ಸೀದಾ ರೀಡಿಗೆ ಹೋಗಂಗಿಲ್ಲ."

ಈ ಪರೀಕ್ಷಾನೇ ಎಲ್ಲಕ್ಕಿಂತ ಮುಖ್ಯ, ಬಾಕಿ ಏನೂ ನೆನಪಿರದಿದ್ರೂ ಇದೊಂದು ಇಟ್ಕೊಳ್ರಿ. ಗಿಟಾರ್ ನಿಂತಿರಲಿ, ಟ್ಯೂನರ್ ಹಚ್ರಿ, 5ನೇ ತಂತಿ ಮೀಟ್ರಿ. ಈಗ ಎ ಪೆಡಲಿನ ರಾಡ್ ಕ್ರ್ಯಾಂಕಿಂದ ಬಿಚ್ರಿ. ಬಿಚ್ಚಿದ ಕೂಡ್ಲೇ ತಂತಿಯ ಸ್ವರ ಕೆಳಗ ಇಳೀತು ಅಂದ್ರ, ಆ ರಾಡ್ ಗಿಡ್ಡ ಆಗ್ಯದ, ಪೆಡಲ್ ಮುಟ್ಟದಿದ್ರೂ ಅದು ಚೇಂಜರ್ ಎಳ್ಕೊಂಡೇ ನಿಂತಿತ್ತು ಅಂತ ಅರ್ಥ. ಇನ್ನ ಕ್ರ್ಯಾಂಕನ್ನ ಕೈ ಬೆರಳಿಂದ ಸ್ಟಾಪಿಗೆ ಬಡಿಯೋ ತನಕ ಕೆಳಗ ಎಳೀರಿ. ಅಲ್ಲಿ ಧ ಸರಿ ಸಿಕ್ತು ಅಂದ್ರ ಮ್ಯಾಲಿಂದೆಲ್ಲಾ ಚೊಲೋ ಅದ, ನೈಲಾನ್ ನಟ್ಟು ಮುಟ್ಟಬ್ಯಾಡ್ರಿ, ದೋಷ ರಾಡು, ಪೆಡಲ್ ಬಾರು, ಕಾಲು ಈ ಮೂರರೊಳಗ ಅದ. ಕೈಲಿಂದ ಎಳೆದ್ರೂ ಧ ಸಿಗಲಿಲ್ಲಂದ್ರ ಆಗ ಪುಲ್ ರಾಡು, ನೈಲಾನ್ ನಟ್ಟು, ಚೇಂಜರ್ ಕಡಿ ಹೋಗ್ರಿ. ನಿಮ್ಮ ಗಿಟಾರಿನ ಸ್ಟಾಪ್ ಪೆಡಲ್ ಹತ್ರ ಇದ್ರ ಈ ಎರಡನೇ ಭಾಗ ಹಿಂಗೇ ಮಾಡಾಕ ಬರಂಗಿಲ್ಲ, ಧ ಸಿಗೋ ತನಕ ಕ್ರ್ಯಾಂಕ್ ಎಳೆದು ಅದು ಆರಾಮಾಗಿ ಸಾಗ್ತದೋ ಇಲ್ಲೋ ಅಷ್ಟು ನೋಡ್ರಿ ಸಾಕು.

ನಂದು ಬಿಚ್ಚಿದಾಗ ಸ್ವರ ಇಳೀತು. ನಾ ತಿರುವಿದ್ದ ನಟ್ಟು ಹೊಳ್ಳಿ ಮೊದಲಿನ ಜಾಗಕ್ಕ ತಂದು ಕೈಲಿಂದ ಎಳೆದಾಗ ಧ ನೂ ಸರಿ ಬಂತು. ಅಲ್ಲಿಗೆ ಚೇಂಜರ್ ಮ್ಯಾಲಿನ ಅನುಮಾನ ಹೋಯ್ತು.

ಕಾಲು ಎಲ್ಲಿ ಉದ್ದ ಮಾಡಿದ್ರಿ ಅನ್ನೋದು

ಇದನ್ನ ಯಾರೂ ಮೊದಲೇ ಹೇಳಂಗಿಲ್ಲ. ಕಾಲು ಸಾಧಾರಣವಾಗಿ ಎರಡು ಪೈಪಿಂದು ಇರ್ತದ, ಮ್ಯಾಲ ದಪ್ಪಂದು, ಅದರೊಳಗಿಂದ ಕೆಳಗ ಸಣ್ಣದು ಹೊರಗ ಬರ್ತದ, ತುದಿಗೆ ರಬ್ಬರ್. ನನ್ನ ಗಿಟಾರಿನಾಗ ಪೆಡಲ್ ಬಾರಿನ ಕ್ಲಾಂಪ್ ದಪ್ಪ ಪೈಪಿಗೆ ಹಿಡೀತದ. ಹಂಗಿದ್ದಾಗ ಒಳಗಿನ ಸಣ್ಣ ಪೈಪ್ ಹೊರಗ ಎಳೆದು ಎತ್ತರ ಮಾಡಿದ್ರ ಬಾಡಿ ಏರ್ತದ, ಅದರ ಜೋಡಿ ಪೆಡಲ್ ಬಾರೂ ನೆಲ ಬಿಟ್ಟು ಅಷ್ಟೇ ಏರ್ತದ. ರಾಡಿನ ಉದ್ದ ಬದಲಾಗಂಗಿಲ್ಲ, ಸ್ವರಕ್ಕ ಏನೂ ಆಗಂಗಿಲ್ಲ, ಆದ್ರ ಹಿಮ್ಮಡಿ ನೆಲಕ್ಕ ಊರಿ ಮುಂಗಾಲಿಂದ ತುಳಿಯೋದು ಇರ್ತದಲ್ಲ, ಅದು ಆಗಂಗಿಲ್ಲ, ಪೂರಾ ಕಾಲು ಎತ್ತಿ ತುಳೀಬೇಕಾಗ್ತದ, ಎ ಮತ್ತ ಬಿ ಎರಡನ್ನೂ ಒಂದೇ ಪಾದದಿಂದ ಹೊರಳಿಸಿ ತುಳಿಯೋ ಆ ನಯ ಹೋಗಿಬಿಡ್ತದ. ಅದೂ ಅಲ್ಲದ ಒಳಗಿನ ಪೈಪ್ ತುದಿ ತನಕ ಎಳೆದ್ರ ಒಳಗ ಒಂದೇ ಇಂಚು ಉಳೀತದ, ಕಾಲು ಹಲ್ಲು ಸಡಿಲಾದಂಗ ಅಳ್ಳಾಡ್ತದ. ನಾ ಮೊದಲ ಇದನ್ನ ಮಾಡಿ ನೋಡಿ ಬಿಟ್ಟೆ.

ಎರಡನೇದು, ದಪ್ಪ ಪೈಪೇ ಉದ್ದ ಇರೋದು ಹೊಸದಾಗಿ ಮಾಡ್ಸೋದು. ಆಗ ಪೆಡಲ್ ಬಾರ್ ನೆಲದ ಹತ್ರ ಮೊದಲಿನ ಜಾಗದಾಗೇ ಉಳೀತದ, ಬಾಡಿ ಮಾತ್ರ ಏರ್ತದ. ಇದು ಸರಿಯಾದ ದಾರಿ. ಆದ್ರ ಬಾರಿಂದ ಬಾಡಿ ತಳಕ್ಕ ದೂರ 2 ಇಂಚು ಹೆಚ್ಚಾಯ್ತು, ಅಂದ್ರ ಪ್ರತಿ ಪೆಡಲ್ ರಾಡೂ ಅಷ್ಟೇ 2 ಇಂಚು ಉದ್ದ ಆಗಲೇಬೇಕು. ನಾ ಹೊಸ ರಾಡ್ ಮಾಡ್ಸದೆ ಹಳೆ ರಾಡಿನ ತುದಿಯ ಥ್ರೆಡ್ ಬಿಚ್ಚಿ ಬಿಚ್ಚಿ ಮುಟ್ಟಿಸಿದ್ದೆ. ಥ್ರೆಡ್ ಎರಡೋ ಮೂರೋ ಹಿಡಿದಿದ್ವು, ಪೆಡಲ್ ಮೂತಿ ಮ್ಯಾಲ ಎತ್ಕೊಂಡು ನಿಂತಿತ್ತು, ಬಿಟ್ಟಾಗ ಸ್ವರ ಇಳೀವಲ್ದು ಅನ್ನೋದಕ್ಕ ಇದೇ ಕಾರಣ. ಪುಲ್ ರಾಡಿನಾಗ ಬಿಟ್ಟಾಗ ಜರಾ ಆಟ ಇರಬೇಕು, ಬೆರಳಿಂದ ಅಲುಗಿಸಿದ್ರ ಕೂದಲೆಳಿ ಅಷ್ಟು ಅಲುಗಬೇಕು, ನಂದು ತಂತಿಯಂಗ ಬಿಗಿದಿತ್ತು.

ಹೊಸ ರಾಡ್ ಮಾಡ್ಸೋದು ದೊಡ್ಡ ಕೆಲಸ ಅಲ್ಲ. ರಾಡ್ ಕೆಲಸ ಮಾಡೋದು ಎಳೆತದಾಗ, ಪೆಡಲ್ ಕೆಳಗ ಹೋದ್ರ ಅದು ಕ್ರ್ಯಾಂಕನ್ನ ಕೆಳಗ ಎಳೀತದ, ಹಂಗಾಗಿ ಭಾಳ ದಪ್ಪ ಬೇಕಾಗಿಲ್ಲ, ಹಳೇದರ ದಪ್ಪ ಅಳೆದು ಅದೇ ದಪ್ಪದ ಸ್ಟೇನ್‌ಲೆಸ್ ರಾಡ್ ತಗೊಳ್ರಿ. ಸೀದಾ ಇರಬೇಕು, ಅದಷ್ಟೇ. ಉದ್ದ ತಗೋಳೋವಾಗ ತುದಿಯ ಅಡ್ಜಸ್ಟ್‌ಮೆಂಟ್ ನಡುಮಧ್ಯ ಇಟ್ಟು ಅಳೀರಿ, ಮುಂದ ಎರಡೂ ಕಡಿ ತಿರುವಾಕ ಜಾಗ ಇರಲಿ.

ಥ್ರೆಡ್ ಕಥಿ

ಪ್ರತಿ ಸಲ ಬ್ಯಾರೆ ಬ್ಯಾರೆ ಕಡಿ ಸ್ವರ ನಿಲ್ಲೋದು ರಾಡ್ ಬದಲು ಮಾಡಿದ ಮ್ಯಾಲೂ ಹೋಗಲಿಲ್ಲ. ಇದಕ್ಕ ಎರಡು ವಾರ ಹಿಡೀತು, ಅದಕ್ಕ ಜರಾ ವಿಸ್ತಾರ ಬರೀತೀನಿ.

ಕಾಲಿನ ತಲಿಗೆ ಒಂದು ಬೋಲ್ಟ್ ಇರ್ತದ, ಅದು ಬಾಡಿ ಕೆಳಗ ಅಲ್ಯುಮಿನಿಯಂ ಸಾಕೆಟಿನೊಳಗ ತಿರುಗಿ ಕುಂದರ್ತದ. ಪೂರಾ ಕುಂತಾಗ ಪೈಪಿನ ಹೆಗಲು, ಅಂದ್ರ ಬೋಲ್ಟಿನ ಸುತ್ತಲಿನ ಅಂಚು, ಸಾಕೆಟಿಗೆ ಗಟ್ಟ್ಯಾಗಿ ಒತ್ತಿ ನಿಲ್ಲಬೇಕು. ಗಿಟಾರ್ ಗಟ್ಟಿ ನಿಲ್ಲೋದು ಆ ಹೆಗಲಿನ ಮ್ಯಾಲ, ಬೋಲ್ಟ್ ಅದನ್ನ ಬಿಗಿದು ಹಿಡಿಯಾಕ ಅಷ್ಟೇ. ನಾ ಮಾಡ್ಸಿದ ಲೇತ್ ಅಂಗಡಿಯಾಗ ಹಳೆ ಬೋಲ್ಟಿಗೆ ವರ್ನಿಯರ್ ಹಿಡಿದ್ರು, 7.9 ಮಿಲಿಮೀಟರ್ ಬಂತು, 8 ಅಂತ ತಿಳ್ಕೊಂಡು ಸಾದಾ 8 ಮಿಲಿಮೀಟರ್ ಬೋಲ್ಟ್ ಕಟ್ ಮಾಡಿ ಕೂಡಿಸಿ ವೆಲ್ಡ್ ಮಾಡಿ ಕೊಟ್ರು. ಹಾಕೋವಾಗ ಎರಡು ಸುತ್ತು ಕೈಲಿಂದ ಹೋಯ್ತು, ಆಮ್ಯಾಲ ಬಿಗಿ ಬಂತು, ಹೊಸದು ಇದ್ದಾಗ ಬಿಗಿ ಇರ್ತದ ಅಂತ ನಾ ಪೈಪಿಗೆ ಪಾನಾ ಹಚ್ಚಿ ತಿರುವಿದೆ. ಅದು ಬಿಗಿ ಅಲ್ಲ, ಜಾಮ್.

ಖರೆ ಅಳತಿ ಏನಿತ್ತಂದ್ರ 5/16 ಇಂಚು, ಇಂಚಿಗೆ 18 ಥ್ರೆಡ್. 5/16 ಇಂಚು ಅಂದ್ರ 7.94 ಮಿಲಿಮೀಟರ್, ವರ್ನಿಯರಿನಾಗ 8ಕ್ಕ ಭಾಳ ಹತ್ರ ಕಾಣ್ತದ. ಆದ್ರ ಅದರ ಎರಡು ಥ್ರೆಡ್ ನಡುವಿನ ದೂರ 1.41 ಮಿಲಿಮೀಟರ್, ಸಾದಾ 8 ಮಿಲಿಮೀಟರ್ ಬೋಲ್ಟಿಂದು 1.25. ಅದಕ್ಕೇ ಮೊದಲ ಎರಡು ಸುತ್ತು ಹೋಗಿ ಮೋಸ ಮಾಡ್ತದ, ಆಮ್ಯಾಲ ಸಾಕೆಟಿನ ಮೆತ್ತಗಿನ ಅಲ್ಯುಮಿನಿಯಂ ಕಡಿಯಾಕ ಶುರು ಮಾಡ್ತದ. ನನ್ನ ಕಾಲಿನ ಹೆಗಲು ಸಾಕೆಟಿಂದ ಒಂದೂವರಿ ಮಿಲಿಮೀಟರ್ ದೂರ ನಿಂತಿತ್ತು, ಬರೇ ಬೋಲ್ಟಿನ ಮ್ಯಾಲ ಗಿಟಾರ್ ತೂಗಾಡ್ತಿತ್ತು. ತುಳಿದಾಗ ಕಾಲು ಜರಾ ಓಲಾಡ್ತಿತ್ತು, ಕಾಲಿಗೆ ಹಿಡಿದ ಪೆಡಲ್ ಬಾರ್ ಅದರ ಜೋಡಿ ಹಿಂದ ಮುಂದ ಹೋಗ್ತಿತ್ತು, ರಾಡಿನ ಎಳೆತ ಪ್ರತಿ ಸಲ ಬ್ಯಾರೆ.

ನಿಮ್ಮದೂ ಹಂಗದ ಏನು ಅಂತ ನೋಡಾಕ ಒಂದು ತೆಳು ಕಾಗದ ತಗೊಂಡು ಹೆಗಲು ಮತ್ತ ಸಾಕೆಟ್ ನಡುವ ತೂರಿಸಿ ನೋಡ್ರಿ, ಯಾವ ಕಡಿಂದಾದ್ರೂ ಒಳಗ ಹೋಯ್ತಂದ್ರ ಕಾಲು ಕುಂತಿಲ್ಲ. ಒಂದೇ ಕಡಿ ಹೋಯ್ತು, ಇನ್ನೊಂದು ಕಡಿ ಹೋಗಲಿಲ್ಲಂದ್ರ ಬೋಲ್ಟ್ ವಾರಿ ವೆಲ್ಡ್ ಆಗ್ಯದ. ಆಮ್ಯಾಲ ಒಂದು ಕೈ ಬೆರಳು ಆ ಜೋಡಿನ ಮ್ಯಾಲ ಇಟ್ಟು ಇನ್ನೊಂದು ಕೈಲಿಂದ ಕಾಲಿನ ತುದಿ ಅಲುಗಿಸ್ರಿ, ಆಟ ಇದ್ರ ಬೆರಳಿಗೆ ಕಟ್ ಅಂತ ತಿಳೀತದ. ಕಣ್ಣಿಗೆ ಕಾಣಲಾರದ್ದೂ ಬೆರಳಿಗೆ ತಿಳೀತದ.

ಸರಿ ಮಾಡಿದ್ದು ಹಿಂಗ. ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ ಇನ್ನೊಂದು ಲೇತ್ ಹುಡುಕಿದೆ, ಹೋಗೋವಾಗ ಹಳೆ ಕಾಲು ಒಂದು ಕೈಯಾಗ ಹಿಡ್ಕೊಂಡೇ ಹೋದೆ, ಥ್ರೆಡ್ ಅಳಿಯೋ ಪಿಚ್ ಗೇಜ್ ಇಟ್ಟು ನನ್ನ ಮುಂದೇ ಅಳೀರಿ ಅಂದೆ. ಮಿಸ್ತ್ರಿ 18 ಥ್ರೆಡ್ಡಿನ ಬೋಲ್ಟ್ ಲೇತಿನ ಮ್ಯಾಲೇ ಕಟ್ ಮಾಡಿದ್ರು, ಹೆಗಲು ಬೋಲ್ಟಿಗೆ ಕಾಟಕೋನ (90 ಡಿಗ್ರಿ) ಬರೋ ಹಂಗ ಒಂದೇ ಸಲಕ್ಕ ಸಪಾಟು ಕೊರೆದ್ರು. ಕೆಟ್ಟ ಸಾಕೆಟಿಗೆ ಅದೇ ಅಳತಿಯ, ಒಳಗ ಥ್ರೆಡ್ ಕೊರೆಯೋ ಟ್ಯಾಪ್ ಕೈಲಿಂದ, ಸೀಮೆಎಣ್ಣಿ ಹಾಕಿ, ಅರ್ಧ ಸುತ್ತು ಮುಂದ ಕಾಲು ಸುತ್ತು ಹಿಂದ ಅಂತ ನಿಧಾನಕ್ಕ ಓಡ್ಸಿದ್ವಿ. ಮೊದಲ ಎರಡು ಥ್ರೆಡ್ ಹೋಗ್ಯಾವ, ಒಳಗಿನವು ಉಳಿದಾವ, ಗಟ್ಟಿ ಹಿಡೀತಾವ. ಪೂರಾ ಹೋಗಿದ್ರ ಉಕ್ಕಿನ ಥ್ರೆಡ್ ಇನ್ಸರ್ಟ್ ಕೂಡಿಸಬೇಕಾಗ್ತಿತ್ತು. ಇಲ್ಲಿ ಯಾರರ ವೆಲ್ಡಿಂಗ್ ಮಾಡಿ ತುಂಬೋಣು ಅಂದ್ರ ಒಪ್ಪಬ್ಯಾಡ್ರಿ. ಶೋ-ಬಡ್ ಕಂಪನಿಯ ಹಳೆ ಪೆಡಲ್ ಸ್ಟೀಲಿನಂಥ ಕೆಲವೊಂದರಾಗ ಸತುವಿನ ಎರಕದ ಭಾಗ ಇರ್ತಾವ, ಅವು ಬೆಂಕಿಗೆ ಉಳಿಯಂಗಿಲ್ಲ. ನಮ್ಮ ಬೀದರಿನ ಬಿದ್ರಿ ಸಾಮಾನು ನೋಡೀರಲ್ಲ, ಅದೂ ಸತು ಹೆಚ್ಚು, ತಾಮ್ರ ಜರಾ, ಕೈಜಾರಿ ಬಿತ್ತಂದ್ರ ಬಾಗಂಗಿಲ್ಲ, ಮುರೀತದ. ಹಂಗೇ ಇವೂ.

ಕ್ಲಾಂಪು, ನೆಲ, ಜಮಖಾನ

ಹೊಸ ಪೈಪಿನ ಹೊರ ಅಳತಿ ಹಳೇದಕ್ಕಿಂತ ಜರಾ ಕಮ್ಮಿ ಇತ್ತು, ರೇಲಿಂಗಿಗೆ ಹಾಕೋ ಸ್ಟೇನ್‌ಲೆಸ್ ಪೈಪ್ ತಂದಿದ್ದೆ. ಕಣ್ಣಿಗೆ ಒಂದೇ ಅನಿಸಿದ್ರೂ ಪೆಡಲ್ ಬಾರಿನ ಕ್ಲಾಂಪ್ ಹಿಡೀತಿರಲಿಲ್ಲ, ಹತ್ತು ಸಲ ತುಳಿದ್ರ ಒಂದು ಕಡಿ ಎರಡು ಮಿಲಿಮೀಟರ್ ಜಾರ್ತಿತ್ತು. ತೆಳು ಹಿತ್ತಾಳಿ ತಗಡು ಒಂದು ಸುತ್ತು ಹಾಕಿ ಬಿಗಿದೆ, ನಿಂತದ. ಜಾರೋದನ್ನ ಹಿಡೀಬೇಕಂದ್ರ ಕ್ಲಾಂಪಿನ ಕೆಳಗ ಪೈಪಿಗೆ ಪೆನ್ಸಿಲ್ ಗೆರಿ ಹಾಕ್ರಿ, ಒಂದು ತಾಸು ನುಡಿಸಿ ಹೊಳ್ಳಿ ನೋಡ್ರಿ. ಇನ್ನೊಂದು, ಕಾಲು ಜರಾ ಓರೆ ಹರವಿ ನಿಲ್ಲೋ ಗಿಟಾರ್ ಆದ್ರ ಉದ್ದ ಹೆಚ್ಚಾದಂಗ ಕೆಳಗ ಎರಡು ಕಾಲಿನ ನಡುವಿನ ಅಂತರಾನೂ ಹೆಚ್ಚಾಗ್ತದ. ಬಾರ್ ಎಳೆದು ಜುಲುಮಿಲೆ ಕೂಡಿಸಬ್ಯಾಡ್ರಿ, ಪೆಡಲಿನ ಶಾಫ್ಟ್ ಬಾಗಿ ಪೆಡಲ್ ಒಂದಕ್ಕೊಂದು ತಿಕ್ಕಾಡ್ತಾವ.

ಸ್ವರ ಪೂರಾ ಏರವಲ್ದು ಅನ್ನೋದಕ್ಕ ನನ್ನ ಮನಿಯಾಗ ಉಳಿದಿದ್ದ ಕಾರಣ ನೆಲ. ನಮ್ಮ ಮನ್ಯಾಗ ಶಹಾಬಾದ್ ಕಲ್ಲಿನ ಹಾಸು, ಹಳೇದು, ಎರಡು ಕಲ್ಲು ಕೂಡೋ ಕಡಿ ಒಂದು ಏರು ಒಂದು ತಗ್ಗು. ಎಡಗಾಲು ತಗ್ಗಿನ ಕಲ್ಲಿನ ಮ್ಯಾಲ ಬಂದಾಗ ಎ ಪೆಡಲ್ ಸ್ಟಾಪಿಗೆ ಮುಟ್ಟೋಕಿಂತ ಮೊದಲೇ ನೆಲಕ್ಕ ಮುಟ್ಟಿಬಿಡ್ತಿತ್ತು, ನಾ ಪೂರಾ ತುಳಿದೀನಿ ಅಂತ ತಿಳ್ಕೋತಿದ್ದೆ. ಪೆಡಲಿನ ಕೆಳಗ ಒಂದು ಹಳೆ ಎಟಿಎಂ ಕಾರ್ಡ್ ಇಟ್ಟು ಪೂರಾ ತುಳೀರಿ, ಇನ್ನೊಂದು ಕೈಲಿಂದ ಕಾರ್ಡ್ ಎಳೀರಿ, ಬರಲಿಲ್ಲಂದ್ರ ಪೆಡಲ್ ನೆಲಕ್ಕ ಕುಂತದ, ಸ್ಟಾಪಿಗೆ ಅಲ್ಲ. ರಾಡಿನ ತುದಿ ತಿರುವಿ ಪೆಡಲ್ ಜರಾ ಮ್ಯಾಲ ಎತ್ರಿ, ಆದ್ರ ಪುಲ್ ರಾಡಿನ ಆಟ ಹೋಗೋ ಅಷ್ಟು ಅಲ್ಲ. ಕಾರ್ಯಕ್ರಮಕ್ಕ ಹೋದಾಗ ಸ್ಟೇಜಿನ ಮ್ಯಾಲ ದಪ್ಪ ಜಮಖಾನ ಹಾಸಿರ್ತಾರ, ಕಾಲು ಅದರೊಳಗ ಇಳೀತಾವ, ಪೆಡಲ್ ಮತ್ತ ಕೆಳಗ ಮುಟ್ತಾವ. ನಾ ಈಗ ಒಂದು ಪ್ಲೈವುಡ್ ಹಲಗಿ ಜೋಡಿ ಒಯ್ತೀನಿ, ನಾಲ್ಕೂ ಕಾಲು ಮತ್ತ ನನ್ನ ಹಿಮ್ಮಡಿ ಅದರ ಮ್ಯಾಲೇ.

ಇಷ್ಟೆಲ್ಲಾ ಆದ ಮ್ಯಾಲೂ ಉಳಿಯೋ ಒಂದು ತಪ್ಪು

ಎ ಮತ್ತ ಬಿ ಎರಡೂ ತುಳಿದು ಹಿಡಿದು 4ನೇ ತಂತಿ, ಅಂದ್ರ ಸಾ, ಮೀಟ್ರಿ. ಆ ತಂತಿಗೆ ಈ ಎರಡೂ ಪೆಡಲಿನ ಸಂಬಂಧ ಇಲ್ಲ, ಆದ್ರೂ ಟ್ಯೂನರಿನಾಗ ಅದು ಜರಾ ಇಳಿದದ್ದು ಕಾಣ್ತದ. ಪೆಡಲಿನ ಎಳೆತಕ್ಕ ಬಾಡಿನೇ ಕೂದಲೆಳಿ ಅಷ್ಟು ಬಾಗ್ತದ, ಇದಕ್ಕ ಕ್ಯಾಬಿನೆಟ್ ಡ್ರಾಪ್ ಅಂತಾರ. ಒಂದು ಅರ್ಧಸ್ವರಕ್ಕ 100 ಸೆಂಟ್ ಲೆಕ್ಕ, ಮೂರು ನಾಲ್ಕು ಸೆಂಟ್ ಇಳಿದ್ರ ಅದು ವಾದ್ಯದ ಸ್ವಭಾವ, ಬಿಡ್ರಿ. ನಂದು ಬೋಲ್ಟ್ ಕೆಟ್ಟಿದ್ದಾಗ 11 ಇಳೀತಿತ್ತು, ಕಾಲು ಸರಿ ಕುಂತ ಮ್ಯಾಲ 4ಕ್ಕ ಬಂತು. ಕಾಲು ಸರಿ ಇದ್ದೂ ಹೆಚ್ಚು ಇಳೀತಂದ್ರ ಬಾಡಿಯ ಎರಡೂ ತುದಿಗೆ ಇರೋ ಎಂಡ್ ಪ್ಲೇಟಿನ ಸ್ಕ್ರೂ ಒಂದೊಂದಾಗಿ ನೋಡ್ರಿ. ಈ ಪರೀಕ್ಷಾ ನಮ್ಮ ಕಡಿ ಬ್ಯಾಸಗ್ಯಾಗ ಮುಂಜಾನೆ ಮಾಡ್ರಿ, ಮಧ್ಯಾಹ್ನ 42 ಡಿಗ್ರಿ ಬಿಸಿಲಾಗ ತಗಡಿನ ಕೆಳಗ ಕುಂತ್ರ ತಂತಿ ಬಿಸಿಗೆ ತಾನೇ ಇಳೀತಿರ್ತದ, ಯಾವುದು ಪೆಡಲಿಂದು ಯಾವುದು ಬಿಸಿಲಿಂದು ತಿಳಿಯಂಗಿಲ್ಲ.

ಕಟಕಟ ಸಪ್ಪಳ ಬಂದ್ರ ರಾಡ್ ಸೀದಾ ನಿಂತಾವೋ ಓರೆ ನಿಂತಾವೋ ನೋಡ್ರಿ, ಬಾರ್ ಎಡಕ್ಕೋ ಬಲಕ್ಕೋ ಸರಿದಿದ್ರ ರಾಡಿನ ತುದಿಯ ಕೊಕ್ಕಿ ತಿಕ್ಕಿ ಸಪ್ಪಳ ಮಾಡ್ತದ. ಎಣ್ಣಿ ಹಾಕೋದಾದ್ರ ಹೊಲಿಗಿ ಮಷೀನಿನ ಎಣ್ಣಿ, ಒಂದು ಹನಿ, ಹೆಚ್ಚಿಗಿ ಹಾಕಿದ್ರ ನಮ್ಮ ಕರಿಮಣ್ಣಿನ ಧೂಳು ಕೂಡಿ ಅಂಟಾಗ್ತದ. ಕೊಬ್ಬರಿ ಎಣ್ಣಿ ಬ್ಯಾಡೇ ಬ್ಯಾಡ.

ಎಲ್ಲಾ ಆದ ಮ್ಯಾಲ ಮಾತ್ರ ಟ್ಯೂನಿಂಗ್. ಮೊದಲ ಪೆಡಲ್ ಮುಟ್ಟದೆ 10 ತಂತಿ ಕಿವಿ ತಿರುವಿ ಕೂಡಿಸ್ರಿ, ಆಮ್ಯಾಲ ಒಂದೊಂದು ಪೆಡಲ್ ಸ್ಟಾಪಿಗೆ ತುಳಿದು ಹಿಡಿದು ನೈಲಾನ್ ನಟ್ಟು, ಮತ್ತ ಬಿಟ್ಟು ನೋಡ್ರಿ ಹೊಳ್ಳಿ ಬಂತೋ ಇಲ್ಲೋ ಅಂತ. ಹಳೆ ಕಾಲು ನಾ ಕಟ್ ಮಾಡ್ಸಿಲ್ಲ, ನಾಲ್ಕೂ ಹಂಗೇ ಬಟ್ಟಿಯಾಗ ಸುತ್ತಿ ಇಟ್ಟೀನಿ, ನೀವೂ ಹೊಸದು ಮಾಡ್ಸ್ರಿ, ಇದ್ದದ್ದನ್ನ ಕೊಯ್ಯಬ್ಯಾಡ್ರಿ, ಅಳತಿಗೆ ಅದೊಂದೇ ಸಾಕ್ಷಿ. ಹೊಸ ಕಾಲಿಗೆ ಬಣ್ಣದ ಟೇಪ್ ಸುತ್ತಿ ಯಾವ ಸಾಕೆಟಿಗೆ ಯಾವ ಕಾಲು ಅಂತ ಗುರುತು ಮಾಡೀನಿ, ಯಾಕಂದ್ರ ಕೆಟ್ಟ ಥ್ರೆಡ್ಡಿನ ಸಾಕೆಟ್ ಮುಂದಿನ ಎಡಗಡಿಂದು, ಅಲ್ಲಿ ಕಾಲು ಹಾಕೋವಾಗ ಮೊದಲ ಒಂದು ಸುತ್ತು ಉಲ್ಟಾ ತಿರುವಿ ಥ್ರೆಡ್ ಟಪ್ ಅಂತ ಕೂಡಿದ್ದು ತಿಳಿದ ಮ್ಯಾಲೇ ಮುಂದ ತಿರುವ್ತೀನಿ, ಬರೇ ಕೈಲಿಂದ, ಪಾನಾ ಇಲ್ಲದ.